ಹತ್ತು ನಿಮಿಷ

ಕಬಿನಿ ಹಿನ್ನೀರ ದಂಡೆಯ ರೆಸಾರ್ಟಿನಲ್ಲಿ
ಶನಿವಾರ ಎಂಟಕ್ಕೆ ಬೆಂಕಿ ಹಚ್ಚುತ್ತಾರೆ.
ಹುಲಿ ಕಾಣದ ಸಿಟ್ಟಿನಲ್ಲೇ ಬಂದು ಕೂರುತ್ತಾರೆ, ಗ್ಲಾಸು ಹಿಡಿದು.
ಸತ್ತವರನ್ನು ಕಾಡಿಗೆ ಕಳಿಸುವ ಹಾಡು ನಮ್ಮದು,
ರಾತ್ರಿಯಿಡೀ ಬೇಕು ಅದಕ್ಕೆ.
ಮ್ಯಾನೇಜರು ಕೈಗಡಿಯಾರ ತಟ್ಟಿ ಹೇಳಿದ್ದ:
ಹತ್ತು ನಿಮಿಷ, ಆಮೇಲೆ ಊಟ.

ಎಲ್ಲಿ ಕತ್ತರಿಸುವುದೆಂದು ದಾಸಿಯಜ್ಜಿಯೇ ಹೇಳಿಕೊಟ್ಟಳು,
ಸತ್ತವನು ಹೊಳೆ ದಾಟುವ ಮುಂಚೆ.
"ಹೆಣನೇ ಇಲ್ದ ಹಾಡ್ಗೆ ಇಷ್ಟು ಸಾಕು, ಬುಡು."

ಮೊನ್ನೆ ಅಜ್ಜಿ ಹೋದಳು.
ಹಾಡಿಯಲ್ಲಿ, ಸಫಾರಿ ಜೀಪುಗಳ ಧೂಳು ಕೂತ
ಬಿದಿರ ತಟ್ಟಿಯ ಮುಂದೆ
ಅದೇ ಹಾಡು ಎತ್ತಿದೆವು.
ಹಾಡಿನೊಳಗೆ ಹೊಳೆ ಬರುತ್ತಲೇ
ಬೊಮ್ಮನ ಡೋಲು ತಾನಾಗಿ ನಿಂತಿತು.
ಯಾರಿಗೂ ಮುಂದಿನ ಸಾಲು ಬಾಯಿಗೆ ಬರಲಿಲ್ಲ.

ಕತ್ತಲಲ್ಲಿ
ನನ್ನ ಮಗಳು, ಮೂರು ವರ್ಷದವಳು,
ಚಪ್ಪಾಳೆ ತಟ್ಟಿದಳು.