ಹಾರದೆ ಇದ್ದದ್ದು

"ಇವನು ಇನ್ನೂ ಬೆಳೆದಾನೇ?" ಎಂದು
ಕೋಚ್ ಫರ್ಗಲ್ ಕೇಳಿದಾಗ ನನಗೆ ನಗು ಬಂತು.
ಆರಡಿ ಒಂಬತ್ತಂಗುಲದ ಆಳು,
ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ
ತಲೆ ಬಗ್ಗಿಸಿಯೇ ಬರುವವನು.
ಇನ್ನೆಲ್ಲಿಗೆ ಬೆಳೆಯಬೇಕು ಮಾರಾಯರೇ,
ತಗಡಿನ ಚಾವಣಿಗೇ?

ಕೋಚ್ ನಗಲಿಲ್ಲ.

ಬ್ಯಾಲರಾಟ್‌ನ ಜುಲೈ. ಹೊರಗೆ
ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ.
ಶನಿವಾರ ರಾತ್ರಿ ಅಂಕದ ಮೇಜಿಗೆ ನಾನು,
ನೀಲಿ ಪೆನ್ನು, ಕೆಂಪು ಪೆನ್ನು, ತೊಡೆಯ ಮೇಲೊಂದು ಕಂಬಳಿ.
ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ:
ಯಾರು ಹಾಕಿದರು, ಯಾರು ತಪ್ಪಿದರು,
ಯಾರ ಕೈ ಯಾರಿಗೆ ತಾಗಿತು.

ಮಬೋರ್. ಹದಿನಾಲ್ಕನೆಯ ನಂಬರಿನ ಅಂಗಿ.
ಅವನು ಹಾರಿದರೆ
ಬಿಸಿ ಚಿಪ್ಸ್ ತಿನ್ನುವ ಕೈಗಳು ಬಾಯಿಯ ಹತ್ತಿರ ಬಂದು ನಿಲ್ಲುತ್ತವೆ.
ಮೇಲೆ ಹೋದವನು ಅಲ್ಲೇ ಒಂದಿಷ್ಟು ಹೊತ್ತು ಕೂತು
ಊರು ನೋಡಿ ಇಳಿದ ಹಾಗೆ.
ಇಳಿದ ಮೇಲೆ ನನ್ನ ಹಾಳೆ ನೋಡಿ:
ನಾಲ್ಕು ಅಂಕ. ಐದು ಫೌಲು.

ಹದಿನೇಳರಲ್ಲಿ ಮೆಲ್ಬರ್ನ್‌ನಿಂದ ಜನ ಬಂದು
ಟೇಪು ಹಿಡಿದು ತೋಳು ಅಳೆದು ಹೋಗಿದ್ದರಂತೆ.
ಹತ್ತೊಂಬತ್ತರಲ್ಲಿ "ಮುಂದಿನ ವರ್ಷ" ಎಂದರಂತೆ.
ಈಗ ಇಪ್ಪತ್ತೈದು.
ಮುಂದಿನ ವರ್ಷ ಎಂಬ ಊರಿಗೆ
ಬಸ್ಸು ನಿಂತು ಬಹಳ ದಿನವಾಯಿತು.

ಗಿಡವಾಗಿ ಬಗ್ಗದ್ದು...
ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.
ಇಂಗ್ಲಿಷಿಗೆ ಹಾಕಿದರೆ ಜಡ್ಜು ಹೇಳಿದ ಹಾಗಿರುತ್ತದೆ.
ಅಲ್ಲದೆ ಈ ಊರಿನ ಕೆರೆಯ ದಂಡೆಯಲ್ಲಿ ನಾನೇ ನೋಡಿದ್ದೇನೆ,
ಪಡುವಣ ಗಾಳಿಗೆ ಮುದಿ ಮರಗಳೇ ಬಗ್ಗಿ ನಿಂತದ್ದನ್ನು,
ಮೂಡಲಿಗೆ ಬಾಚಿದ ತಲೆಗಳ ಹಾಗೆ.
ಯಾರೂ ಬಗ್ಗಿಸಲಿಲ್ಲ.
ಗಾಳಿ ಬಿಡಲಿಲ್ಲ, ಅಷ್ಟೆ.

ಗುರುವಾರ ಬೆಳಗಿನ ಐದೂವರೆ. ಬೀಗದ ಕೈ ನನ್ನ ಹತ್ತಿರ.
ಆಲೂಗಡ್ಡೆ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ
ಪಿಷ್ಟದ ವಾಸನೆ ಹೊತ್ತು ಬರುತ್ತಾನೆ.
ಕೋಚ್ ಚೆಂಡು ಎತ್ತಿದಂತೆ ಮಾಡುತ್ತಾರೆ, ಎಸೆಯುವುದಿಲ್ಲ.
ಮೈಯಿಂದ ಹೇಳುವ ಸುಳ್ಳು ಅದು.
ಅವನ ಮಂಡಿಗಳು ನಂಬಿಬಿಡುತ್ತವೆ.
"ಹಾರಬೇಡ."
ಹಾರುತ್ತಾನೆ.
"ಹಾರಬೇಡ."
ಅರವತ್ತು ಸಲ. ಐವತ್ತೆಂಟು ಸಲ ಹಾರಿದ, ನಾನು ಎಣಿಸಿದೆ,
ಎಣಿಸುವುದು ನನ್ನ ರೋಗ.
ಗೋಡೆಗೆ ಒರಗಿ, ಬಾಟಲಿಯ ನೀರು ತಲೆಗೆ ಸುರಿದುಕೊಂಡು ಹೇಳಿದ:
"ಹಾರಿದ್ದಕ್ಕೇ ತಾನೇ ಎಲ್ಲರೂ ನನ್ನನ್ನು ಕರೆದದ್ದು?"
ಕೋಚ್ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರ
ಫ್ಲಾಸ್ಕಿನಲ್ಲಿ ಚಹಾ ಇತ್ತು. ಕೊಟ್ಟೆ.

ಬೆಂಡಿಗೊ ವಿರುದ್ಧ, ಮೂರನೆಯ ಕಾಲು ಭಾಗ.
ಅವರ ಬೋಳುತಲೆಯ ಹಳೇ ಹುಲಿ,
ಮಂಡಿಗೆರಡು ಪಟ್ಟಿ, ಕಣ್ಣಲ್ಲಿ ಸಂತೆಯ ದಲ್ಲಾಳಿ,
ಚೆಂಡು ಎತ್ತಿದ.
ಮಬೋರನ ಮಂಡಿ ಮಡಿಚಿತು. ಹಿಮ್ಮಡಿ ನೆಲ ಬಿಟ್ಟಿತು, ಒಂದು ಕೂದಲಿನಷ್ಟು.
ಮತ್ತೆ ಊರಿತು.
ಹಾರಲಿಲ್ಲ.

ಹೇಳಿದ ಸುಳ್ಳನ್ನು ಕೈಯಲ್ಲೇ ಹಿಡಿದುಕೊಂಡು
ಹಳೇ ಹುಲಿ ಒಂದು ಗಳಿಗೆ ನಿಂತಿತು. ಆಮೇಲೆ ಗಾಬರಿಯಲ್ಲಿ
ಗೆರೆಯಾಚೆ ಯಾರದೋ ಅಜ್ಜಿಯ ಮಡಿಲಿಗೆ ಎಸೆಯಿತು.
ಜನ ಅಜ್ಜಿಗೆ ಚಪ್ಪಾಳೆ ತಟ್ಟಿದರು.

ನನ್ನ ಹಾಳೆಯಲ್ಲಿ
ಹಾರದೆ ಇದ್ದದ್ದಕ್ಕೆ ಮನೆಯೇ ಇಲ್ಲ.
ಜಡೆಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು
ಹದಿನಾಲ್ಕರ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟೆ.

ಕೊನೆಯ ಭಾಗದಲ್ಲಿ ಎರಡು ಸಲ ಹಾರಿದ, ಅದೇ ಸುಳ್ಳಿಗೆ.
ಐದನೆಯ ಫೌಲು. ಟವೆಲ್ಲಿನೊಳಗೆ ಮುಖ.
ಒಂಬತ್ತು ಅಂಕದಿಂದ ಸೋತೆವು.

ಸಹಿ ಹಾಕಲು ಬಂದ ಕೋಚ್ ಕನ್ನಡಕ ಏರಿಸಿದರು:
"ಇದೇನು, ಕಸವೇ?"
ಹೆಬ್ಬೆರಳಿನಿಂದ ಒರೆಸಿದರು. ಚುಕ್ಕೆ ಸ್ವಲ್ಪ ಹರಡಿತು.
ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ.
ಹೊರಗೆ ಮಬೋರ್ ಹಳೆಯ ಬ್ಯಾಂಕ್ ಕಾರ್ಡಿನಿಂದ
ಕಾರಿನ ಗಾಜಿನ ಮಂಜು ಕೆರೆಯುತ್ತಿದ್ದ, ಪಾಳಿಗೆ ಹೊತ್ತಾಗಿತ್ತು.
"ಗುರುವಾರ," ಎಂದರು ಕೋಚ್ ಅತ್ತಲೇ ನೋಡುತ್ತ,
"ಬೀಗದ ಕೈ ಮರೆಯಬೇಡಿ."