ಮೂರನೇ ಸ್ಲ್ಯಾಬ್

ಬಾಂಬೋಳಿ ದವಾಖಾನಿ ಕಿಟಕಿಯಾಗಿನ ಹುಡುಗಿ
ಕಣ್ಣೆತ್ತದ ಕೇಳಿದ್ಲು: ಗೋಂಯ್ಚೆ? ಭಾಯ್ಲೆ?
ಇಲ್ಲ್ಯಾವ್ರೋ, ಹೊರಗಿನವ್ರೋ ಅಂತ.
ನಮ್ಮಕ್ಕ ಫಕೀರವ್ವ ನನ್ನ ಮಾರಿ ನೋಡಿದ್ಲು.
ಇಪ್ಪತ್ತೆರಡು ವರ್ಷದಿಂದ ಇದ ಮಣ್ಣಿನ ಕೆಂಪು
ಆಕಿ ಹಿಮ್ಮಡದ ಬಿರುಕಿನಾಗ ಐತಿ,
ರೇಷನ್ ಕಾರ್ಡ್ ಮಾತ್ರ ಇನ್ನೂ ರೋಣದಾಗ ಕುಂತೈತಿ.
ಹೊರಗಿನವ್ರು, ಅಂದೆ.
ಚೀಟಿ ಹರಿದು ಕೊಟ್ಲು: ರೊಕ್ಕ ಇಷ್ಟು, ದಿನ ಅಷ್ಟು.
ರೊಕ್ಕ ಹೆಂಗರ ಆಗ್ತಿತ್ತು.
ದಿನ ಹನ್ನೊಂದು ವಾರದ ಆಚೆ, ಚವತಿ ದಾಟಿ,
ಅದೂ ಮಷೀನ್ ರಿಪೇರಿ ಆದ್ರ.

ಅಷ್ಟೊತ್ತಿಗೆ ಅಕ್ಕನ ಎಡಗೈ
ಚಹಾದ ಬಸಿ ಹಿಡಿಯೂದ ಬಿಟ್ಟಿತ್ತು.
ಯಾರದೋ ಬೆರಳು ತಂದು ಹಚ್ಚಿದಂಗ ಆಗೇತಿ ಅಂತಿದ್ಲು.

ನಾ ಪೈಲಟ್. ವಿಮಾನದ್ದಲ್ಲ.
ಹಳದಿ ಮಡ್‌ಗಾರ್ಡಿನ ಬೈಕು, ವಾಸ್ಕೋ ಸ್ಟ್ಯಾಂಡಿನಾಗ ಪಾಳಿ.
ಮಳಿಗಾಲದಾಗ ಹಿಂದ ಯಾರು ಕೂಡ್ತಾರ?
ಗಾಡಿ ಇನ್ಶೂರೆನ್ಸಿಗಂತ ಡಬ್ಬಿಯಾಗ ಇಟ್ಟದ್ದು ತಗದೆ.
ಮಡಗಾಂವದಾಗ ಖಾಸಗಿ ಸ್ಕ್ಯಾನ್ ಸೆಂಟರು,
ಗಾಜಿನ ಬಾಗಿಲು ತಾನ ತೆರಕೊಂತು,
ಅಕ್ಕ ಚಪ್ಪಲಿ ಹೊರಗ ಬಿಟ್ಟು ಒಳಗ ಬಂದ್ಲು.

ಕುತ್ತಿಗಿದು ಆರೂವರಿ ಸಾವಿರ.
"ಪೂರಾ ಕುತ್ತಿಗಿ ಬ್ಯಾಡವಾ,
ನೋಯೂದು ಎಡಗಡೆ ಅಷ್ಟ. ಅರ್ಧಾ ತಗಿ."
ಬಾಂಗಡೆ ಮಾರಾಕಿ ಮುಂದ ಕುಂತಂಗ ಅಂದ್ಲು.
ಕೌಂಟರಿನಾಕಿ ನಕ್ಳು. ರೇಟು ನಗಲಿಲ್ಲ.

ಆಮ್ಯಾಲ ಒಂದು ಫಾರ್ಮು.
ಮೈಯಾಗ ಎಲ್ಲೆರ ಕಬ್ಬಿಣ ಐತೇನು?
ಇಲ್ಲ ಅಂತ ಬರಿಯಾಕತ್ತಿದ್ದೆ, ಅಕ್ಕ ಕೈ ಹಿಡದ್ಲು.
"ತಡೀ. ದಾಬೋಳಿ ಬಿಲ್ಡಿಂಗಿನಾಗ ಅಂಗಾಲಿಗೆ ಮೊಳಿ ಹೊಕ್ಕಿತ್ತಲ್ಲ.
ತುದಿ ಮುರದಿತ್ತು. ಹೊರಗ ಬಂತೋ ಇಲ್ಲೋ
ಯಾರು ನೋಡ್ಯಾರ?"
ಅಕ್ಷರ ಬರದಾಕಿ, ಸುಳ್ಳೂ ಬರೂದಿಲ್ಲ.
ಫೋಟೋ ತಗಿಯಾಕ ಮೊದಲು ಇನ್ನೊಂದು ಫೋಟೋ,
ಕಾಲಿನ ಎಕ್ಸ್‌ರೇ, ನಾನೂರು.
ಮೊಳಿ ಇರಲಿಲ್ಲ.
ಇಲ್ಲದ್ದು ನೋಡಾಕ ನಾನೂರು ಹೋದುವು ಅಂತ
ಆ ಕಾಲನ್ನ ಬೈದ್ಲು.

ಒಳಗ ಮಷೀನು ಬಡಿಯೂದು ಗ್ವಾಡಿ ಇತ್ತಾಗೂ ಕೇಳ್ತಿತ್ತು,
ಕಟ ಕಟ ಕಟ, ಗುರ್ರ್, ಮತ್ತ ಢಬ ಢಬ.
ಎಂಥೆಂಥಾವ್ರೋ ಹೆದರಿ ಹೊರಗ ಬರತಾರಂತ,
ಅದಕ್ಕ ಕೈಯಾಗೊಂದು ರಬ್ಬರ್ ಬುರುಡಿ ಕೊಟ್ಟಿರತಾರ, ಹಿಚುಕಾಕ.
ಅರ್ಧಾ ತಾಸಿಗೆ ಒಳಗಿನ ಹುಡುಗ ಬಂದು ಅಂದ:
ಒಂಚೂರೂ ಅಲ್ಲಾಡ್ಲಿಲ್ಲ ಅಂತ ಖುಷಿ ಆಗಿತ್ತು,
ಈಗ ಏಳವಲ್ರು.

ಕಾಂಕ್ರೀಟ್ ಮಿಕ್ಸರ್ ಬಾಜೂಕ ಸೀರಿ ಜೋಳಿಗಿ ಕಟ್ಟಿ
ಮೂರು ಕೂಸು ಮಲಗಿಸಿದಾಕಿ.
ಅದ ಸಪ್ಪಳ, ಮ್ಯಾಲ ಎಸಿ ಗಾಳಿ,
ಮುಕಾದಮ ಇಲ್ಲ. ಮಲಗದ ಏನ ಮಾಡ್ಯಾಳು?

ಫಿಲ್ಮು ಬೆಳಕಿಗೆ ಹಿಡದು ಡಾಕ್ಟರು ಬೆರಳಿಟ್ರು.
ಐದು, ಆರು, ಅಂದ್ರು, ಮ್ಯಾಲಿಂದ ಎಣಿಸಿ.
ಅಕ್ಕ ಕೆಳಗಿಂದ ಎಣಿಸಿದ್ಲು.
ಬಿಲ್ಡಿಂಗ್ ಯಾರೂ ಮ್ಯಾಲಿಂದ ಎಣಿಸೂದಿಲ್ಲ.
"ಮೂರನೇ ಸ್ಲ್ಯಾಬ್ ಕುಂತೈತಿ ನೋಡು.
ನಡುವ ಮಾಲು ಕಮ್ಮಿ ಬಿದ್ದೈತಿ.
ಸೆಂಟ್ರಿಂಗು ಲಗೂನ ಬಿಚ್ಚಿರಬೇಕು."
ಡಾಕ್ಟರು ನನ್ನ ಮಾರಿ ನೋಡಿದ್ರು, ಏನಂದ್ಲು ಅಂತ.
ಭಾರ ಎತ್ತೂದಿಲ್ಲ ಅಂದ್ಲು, ಅಂದೆ.
ಮರುವಾರ ಒಂದ ಕೈಲೆ ಕೊಡ ತುಂಬಾಕತ್ತಿದ್ಲು.

ಚವತಿ ಆತು. ಬಾಂಬೋಳಿಯಿಂದ ಫೋನು:
ಮಷೀನ್ ಸುರು ಆಗೇತಿ, ನಾಳೆ ಒಂಬತ್ತಕ್ಕ ಬರ್ರಿ.
ಆಗಿ ಹೋತ್ರಿ ಅನ್ನಾಕ ಬಾಯಿ ತೆರದಿದ್ದೆ,
ಕುತ್ತಿಗಿ ಪಟ್ಟಾದಾಗಿನ ಅಕ್ಕ
ಇಡೀ ಮೈ ನನ್ನ ಕಡೆ ತಿರುಗಿಸಿ ಕೇಳಿದ್ಲು:
"ಅಲ್ಲೆ ನಿದ್ದಿಗೆ ಎಷ್ಟಂತ?"