ಕಲೆ

ಪಾಲಿಕೆ ಮೊದಲ ಸಲ ಒಪ್ಪಿಕೊಂಡ ವರ್ಷ ಅದು:
ತಂತಮ್ಮ ಬೀದಿಯಲ್ಲಿ ಜನರೇ ಗಿಡ ನೆಡಬಹುದು,
ಅರ್ಜಿ ಕೊಟ್ಟು, ನಾಲ್ಕು ಪುಟ ತುಂಬಿ,
ನಾನು ಬಂದು ಅಳೆದು ಹೋದ ಮೇಲೆ.

ತ್ಬಿಲಿಸಿಯ ಆ ಏರುಬೀದಿಗೆ ಹೋದದ್ದು ಮಾರ್ಚಿನಲ್ಲಿ,
ಚೀಲದಲ್ಲಿ ಟೇಪು, ಸೀಲು, ಒಪ್ಪಿತ ಮರಗಳ ಪಟ್ಟಿ.
ಲಿಂಡನ್ ಆಗಬಹುದು. ಮೇಪಲ್ ಆಗಬಹುದು.
ಹಿಪ್ಪುನೇರಳೆಗೆ ಮಾತ್ರ ಕೆಂಪು ಗೆರೆ:
ಹಣ್ಣು ಉದುರುತ್ತದೆ, ಕಾಲುದಾರಿ ಕಲೆಯಾಗುತ್ತದೆ.

ಜುಜುನಾ ಅಜ್ಜಿ ಅರ್ಜಿಯಲ್ಲಿ ಬರೆದದ್ದು ಹಿಪ್ಪುನೇರಳೆಯನ್ನೇ.
ಬರೆದದ್ದೇನು, ನೆಟ್ಟೇಬಿಟ್ಟಿದ್ದಳು,
ಡಾಂಬರು ಒಡೆದ ಕಡೆ, ಮೊಣಕಾಲೆತ್ತರದ ಒಂದು ಕಡ್ಡಿ;
ಬೇಲಿಗೆ ಹಳೇ ಮಂಚದ ಕಬ್ಬಿಣದ ತಲೆದೆಸೆ.

ಅಳೆದೆ. ಗೋಡೆಗುಂಟ ಹಾದ ಹಳದಿ ಗ್ಯಾಸು ಕೊಳವೆಗೂ ಗಿಡಕ್ಕೂ
ಎರಡು ಮೀಟರು ಇರಬೇಕು; ಇದ್ದದ್ದು ಒಂದೂವರೆ.
"ಟೇಪು ಸ್ವಲ್ಪ ಸಡಿಲ ಬಿಡೋ ಮಗಾ," ಅಂದಳು,
"ನಿಮ್ಮಪ್ಪನ ಗಂಟೇನು ಹೋಗುತ್ತೆ?"

ಹೊಣೆ ಯಾರದು ಎಂಬಲ್ಲಿ ಏಳು ಸಹಿ:
ಬೂಟು ರಿಪೇರಿಯ ಅವ್ತಾಂದಿಲ್, ಮೂರನೇ ಮಹಡಿಯ ಪಿಯಾನೋ ಟೀಚರು,
ಇನ್ನೂ ಅಕ್ಷರ ಕೂಡಿಸುತ್ತಿರುವ ಒಂದು ಮಗು...
ಕೊನೆಗೆ ಓಪೆಲ್ ಕಾರಿನ ಗೆಲಾ, ಸಹಿಗಿಂತ ದಪ್ಪ ಅಕ್ಷರದಲ್ಲಿ:
ನನ್ನ ಕಾರಿನ ಮೇಲೆ ಒಂದು ಹಣ್ಣು ಬಿದ್ದರೂ ಕೋರ್ಟಿಗೆ ಹೋಗುತ್ತೇನೆ.

ಅರ್ಜಿದಾರರು ತೀರಿಕೊಂಡಲ್ಲಿ? ಅಂತ ಇನ್ನೊಂದು ಪ್ರಶ್ನೆ.
ಅಲ್ಲಿ ಅಜ್ಜಿ ಬರೆದದ್ದು:
ನೆರಳಲ್ಲಿ ಕೂತುಕೊಳ್ಳಿ.

ನಾನು ಧೀರನಲ್ಲ. ಎರಡು ಮಕ್ಕಳು, ಬಾಡಿಗೆ ಮನೆ.
ಮರದ ಹೆಸರಿನ ಜಾಗದಲ್ಲಿ "ಅಲಂಕಾರಿಕ ಸಸ್ಯ" ಎಂದು ಬರೆದು,
ದೂರ ಎರಡು ಮೀಟರ್ ಎಂದು ಬರೆದು
ಸೀಲು ಒತ್ತಿದೆ. ಇಂಕು ಒಣಗಿತ್ತು.
ಬಾಯಿಂದ ಹಬೆ ಬಿಟ್ಟು ಇನ್ನೊಮ್ಮೆ ಒತ್ತಿದೆ.

ಒಂಬತ್ತು ವರ್ಷ. ಗ್ಯಾಸಿನವರು ಕೊಳವೆಯನ್ನೇ ಸರಿಸಿದರು,
ಬೇರೆ ಏನೋ ಕಾರಣಕ್ಕೆ. ಅವ್ತಾಂದಿಲ್ ಅಂಗಡಿ ಮುಚ್ಚಿದ.
ಅಜ್ಜಿ ಇದ್ದಾಳೆ, ಕಿವಿ ಮಾತ್ರ ಹೋಗಿದೆ,
ಇಡೀ ಬೀದಿಗೆ ಕೇಳುವಂತೆ ಗುಟ್ಟು ಹೇಳುತ್ತಾಳೆ.

ನಿನ್ನೆ ಮೇಜಿಗೆ ಬಂತು ಗೆಲಾನ ದೂರು, ಫೋಟೋ ಸಮೇತ:
ಬಿಳಿ ಬಾನೆಟ್ಟಿನ ತುಂಬ ಊದಾ ಚುಕ್ಕಿ.
ಸ್ಥಳ ಪರಿಶೀಲನೆ ಆಗಲೇಬೇಕು, ನಿಯಮ.
ಹೋದೆ. ಕಾರಿನ ಮೇಲೆ ಹಳೇ ದುಪ್ಪಟಿ ಹಾಸಿ
ತಾನೇ ಕೊಂಬೆ ಅಲ್ಲಾಡಿಸುತ್ತಿದ್ದ ಗೆಲಾ.
"ಸಾಕ್ಷ್ಯ," ಅಂದ, ಬೊಗಸೆ ತುಂಬ ಕೊಟ್ಟ.

ವರದಿ ಇನ್ನೂ ಬರೆದಿಲ್ಲ.
ಹಾಳೆಯ ಅಂಚಿನಲ್ಲಿ ನನ್ನದೇ ಹೆಬ್ಬೆಟ್ಟು,
ಉಜ್ಜಿದಷ್ಟೂ ಹರಡುತ್ತಿದೆ.